ಓದದೆ ಹಚ್ಚಿದ ಕೆಲಸ

ಇಲಾಖೆಯಲ್ಲಿ ನನ್ನನ್ನು ಪಟ್ಟಿ ಕೊಟ್ರಬಸಪ್ಪ ಎನ್ನುತ್ತಿದ್ದರು. ಮೆಚ್ಚಿಕೊಂಡೇ ಇಟ್ಟ ಹೆಸರು. ಮಾಡಬೇಕಾದ ಕೆಲಸಗಳನ್ನೆಲ್ಲ ಫೋನಿನ ಆ್ಯಪ್ ಒಂದರಲ್ಲಿ ಪಟ್ಟಿ ಮಾಡಿ, ಮುಗಿದ ಹಾಗೆ ಒಂದೊಂದಕ್ಕೂ ಟಿಕ್ ಹಾಕುತ್ತ ಹೋಗುವ ಅಭ್ಯಾಸ ನನ್ನದು. ನಮ್ಮ ಕಡೆಯ ಪಶು ಆಸ್ಪತ್ರೆಗಳಲ್ಲಿ ನನ್ನ ವಯಸ್ಸಿನವರು ಯಾರೂ ಹಾಗೆ ಮಾಡುತ್ತಿರಲಿಲ್ಲ. ನಿವೃತ್ತನಾದ ಮೇಲೂ ಹೊಸದಾಗಿ ಕೆಲಸಕ್ಕೆ ಸೇರಿದವರು ಫೋನ್ ಮಾಡಿ, "ಸರ್, ನೀವು ಕೆಲ್ಸ ಹೆಂಗ ಜೋಡಿಸಿ ಇಡ್ತಿದ್ರಿ, ಸ್ವಲ್ಪ ಹೇಳಿಕೊಡ್ರಿ" ಎಂದು ಕೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ತಲೆ ತಗ್ಗಿಸುವಂತಾಗುತ್ತದೆ. ಹೇಳಿಕೊಡುವುದೇನೋ ಸುಲಭ. ಆದರೆ ಅದರ ಜೊತೆ ಹೇಳಬೇಕಾದ ಇನ್ನೊಂದು ಸಂಗತಿ ಇದೆ. ಅದನ್ನು ಬಿಟ್ಟು ಇದನ್ನಷ್ಟೇ ಹೇಳಲು ಮನಸ್ಸು ಬರುವುದಿಲ್ಲ. ಹಾಗಾಗಿ ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ತಿಳಿಸಿಬಿಡುತ್ತೇನೆ, ನಾನು ವೈದ್ಯನಲ್ಲ. ಪಶುವೈದ್ಯಕೀಯ ಪರೀಕ್ಷಕನಾಗಿ ಸೇರಿದವನು. ಸೂಜಿ ಹಾಕುವುದು, ಗಾಯ ಕಟ್ಟುವುದು, ಲಸಿಕೆ, ಕೃತಕ ಗರ್ಭಧಾರಣೆ, ಇವು ನಮ್ಮ ಕೆಲಸ. ಹಳ್ಳಿಯವರು ಡಾಕ್ಟ್ರು ಎಂದೇ ಕರೆಯುತ್ತಾರೆ. ಶುರುವಿನಲ್ಲಿ ನಾವು ತಿದ್ದುತ್ತೇವೆ, ಕೆಲವು ವರ್ಷಗಳಾದ ಮೇಲೆ ಕೇಳಿಸಿಕೊಂಡು ಸುಮ್ಮನಿರುತ್ತೇವೆ. ಕೂಡ್ಲಿಗಿಯಲ್ಲಿ ನೌಕರಿ ಹಿಡಿದು, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಸುತ್ತಿ, ಹರಪನಹಳ್ಳಿಯಲ್ಲಿ ಮುಗಿಸಿದೆ.

ಕೂಡ್ಲಿಗಿಯಲ್ಲಿದ್ದಾಗ ನನ್ನ ಪಟ್ಟಿ ಎಂದರೆ ಎಡಗೈ. ಯಾರದೋ ಎತ್ತಿನ ಕಾಲು, ಇನ್ಯಾರದೋ ಕುರಿಗಳ ಜಂತಿನ ಔಷಧ, ಎಲ್ಲವನ್ನೂ ಪೆನ್ನಿನಲ್ಲಿ ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದೆ. ಅಂಗೈ ತುಂಬಿದರೆ ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಒಮ್ಮೆ ಹೊಸಹಳ್ಳಿಯಲ್ಲಿ ಒಂದು ಎಮ್ಮೆ ಕರು ಹಾಕಿತ್ತು, ಕಸ, ಅಂದರೆ ಮಾಸು, ಬಿದ್ದಿರಲಿಲ್ಲ. ಕೈ ಹಾಕಿ ಎಷ್ಟು ಬರುತ್ತದೋ ಅಷ್ಟು ತೆಗೆದು, ಒಳಗೆ ಗುಳಿಗೆ ಇಟ್ಟು, "ನಾಳಿ ಮುಂಜಾನೆ ಬಂದು ಮತ್ತ ನೋಡ್ತೀನಿ" ಎಂದು ಹೇಳಿ ಅಂಗೈ ಮೇಲೆ ಬರೆದುಕೊಂಡೆ. ಅಲ್ಲಿಂದ ಇನ್ನೊಂದು ಮನೆಗೆ ಹೋಗಿ ಕೆಲಸ ಮುಗಿಸಿ ಸಾಬೂನು ಹಚ್ಚಿ ಕೈ ತೊಳೆದೆ. ಬರೆದದ್ದು ಹೋಯಿತು, ಅದರ ಜೊತೆ ನೆನಪೂ ಹೋಯಿತು.

ಎಮ್ಮೆಗೆ ಜ್ವರ ಏರಿ ಹಾಲು ಬತ್ತಿತು. ನಾಲ್ಕಾರು ದಿನವಾದ ಮೇಲೆ ಅದರ ಯಜಮಾನ ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನನ್ನನ್ನು ಕಂಡ. ಜಗಳಕ್ಕೇನೂ ಬರಲಿಲ್ಲ. ಎಲ್ಲರೂ ಕೂತಿದ್ದ ಬೆಂಚಿನ ತುದಿಗೆ ಕೂತು ಹೇಳಿದ. "ಡಾಕ್ಟ್ರ, ಬರ್ತೀನಿ ಅಂದಿದ್ರಿ. ನಮ್ಮವ್ವ ನಿಮಗ ಕೈ ತೊಳ್ಯಾಕಂತ ನೀರು ಕಾಸಿ ಇಟ್ಟಿದ್ಲು. ಆರಿತು, ಮತ್ತ ಕಾಸಿದ್ಲು. ಸಂಜಿತನ ಕಾಸಿದ್ಲು."

ಚಹಾ ಅರ್ಧಕ್ಕೇ ಬಿಟ್ಟು ಎದ್ದುಬಂದೆ.

ಆ್ಯಪ್ ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ, ಕೊಟ್ಟೂರಿನಲ್ಲಿ. ಅಲ್ಲಿಗೆ ಬಂದ ವೈದ್ಯಾಧಿಕಾರಿ ಶೈಲಜಾ ಮೇಡಂ ನನ್ನ ಮಗಳಿಗಿಂತ ಚಿಕ್ಕವರು. ನನ್ನ ಅಂಗೈ ನೋಡಿ ಅವರು ನಗಲಿಲ್ಲ. "ಕೊಟ್ರಬಸಪ್ಪನೋರೆ, ನಿಮ್ಮ ಫೋನ್ ಕೊಡಿ ಇಲ್ಲಿ" ಎಂದು ಇಸಿದುಕೊಂಡು ಆ್ಯಪ್ ಹಾಕಿಕೊಟ್ಟರು. ಇವತ್ತಿನ ಕೆಲಸ ಒಂದು ಕಡೆ, ನಾಳೆಯದು ಒಂದು ಕಡೆ. ಮತ್ತೆ ಮತ್ತೆ ಬರುವ ಕೆಲಸಕ್ಕೆ ಒಂದು ಸಲ ಹೇಳಿದರೆ ಸಾಕು, ಅದೇ ತಿರುಗಿ ತಿರುಗಿ ನೆನಪಿಸುತ್ತದೆ. ಕೆಲಸದ ಕೆಳಗೆ ಷರಾ ಬರೆಯಲು ಜಾಗವಿದೆ. ಮುಗಿದರೆ ಪಕ್ಕದ ದುಂಡು ಗುರುತಿನ ಮೇಲೆ ಬೆರಳಿಟ್ಟರೆ ಟಿಕ್ ಬಿದ್ದು ಸಾಲು ಮಾಯವಾಗುತ್ತದೆ.

"ಎಮ್ಮೆ ಅಂತ ಮಾತ್ರ ಬರೀಬೇಡಿ. ಯಾರ ಎಮ್ಮೆ, ಯಾವ ಊರು, ಹೋಗಿ ಏನು ಮಾಡ್ಬೇಕು, ಅಷ್ಟೂ ಬರೀರಿ. ನಾಳೆ ಬೆಳಿಗ್ಗೆ ಓದೋನು ಬೇರೆ ಮನುಷ್ಯ ಅಂದ್ಕೊಂಡು ಬರೀರಿ" ಎಂದರು. ಹೊಸಬರಿಗೆ ನಾನು ಹೇಳಿಕೊಡಬಹುದಾದ ಒಳ್ಳೆಯ ಪಾಠ ಇದು. ನನ್ನದಲ್ಲ, ಅವರದು. ಆಗ ಮಾತ್ರ ಚಿಕ್ಕ ಹುಡುಗಿಯ ಹತ್ತಿರ ಪಾಠ ಹೇಳಿಸಿಕೊಳ್ಳಲು ನಾಚಿಕೆಯಾಗಿ, ಬಾಗಿಲಲ್ಲಿ ಯಾರಾದರೂ ಬಂದರೆ ಫೋನನ್ನು ಜೇಬಿಗೆ ಇಳಿಸುತ್ತಿದ್ದೆ.

ನನ್ನ ದಪ್ಪ ಬೆರಳಿಗೆ ಕನ್ನಡ ಅಕ್ಷರ ಒತ್ತುವುದು ಕಷ್ಟವಾಗುತ್ತಿತ್ತು. ಬಾಯಲ್ಲಿ ಹೇಳಿದರೂ ಬರೆದುಕೊಳ್ಳುತ್ತದೆ ಎಂದು ಗೊತ್ತಾದ ಮೇಲೆ ಹಾಗೆಯೇ ಮಾಡತೊಡಗಿದೆ. ಕೊಟ್ಟೂರಿನ ಹತ್ತಿರದ ಒಂದು ಹಳ್ಳಿಯ ಬಸಣ್ಣನ ಎಮ್ಮೆ ಗಬ್ಬವಾಗಿದೆಯೋ ಇಲ್ಲವೋ ಪರೀಕ್ಷಿಸಬೇಕಿತ್ತು. "ಬಸಣ್ಣನ ಎಮ್ಮಿ ಗಬ್ಬ ಐತೋ ಇಲ್ಲೋ ನೋಡಬೇಕು" ಎಂದು ಬೈಕ್ ಮೇಲೆ ಕೂತೇ ಹೇಳಿದೆ, ಫೋನು ಏನು ಬರೆಯಿತೆಂದು ನೋಡಲಿಲ್ಲ. ಗೊತ್ತುಮಾಡಿದ ದಿನ ಅವರ ಮನೆಗೆ ಹೋಗಿ, ಫೋನನ್ನು ಕಟ್ಟೆಯ ಮೇಲಿಟ್ಟು ಕೈ ತೊಳೆಯುತ್ತಿದ್ದೆ. ಅಷ್ಟರಲ್ಲಿ ರಿಮೈಂಡರ್ ಬಡಿಯಿತು. ಬಸಣ್ಣನ ಮಗಳು ಎತ್ತಿಕೊಂಡು ಎಲ್ಲರಿಗೂ ಕೇಳುವಂತೆ ಓದಿದಳು: "ಬಸಣ್ಣನ ಅಮ್ಮ ಗರ್ಭ ಇದೆಯೋ ಇಲ್ಲವೋ ನೋಡಬೇಕು."

ಬಸಣ್ಣನ ತಾಯಿ ಹಲ್ಲಿಲ್ಲದ ಮುದುಕಿ. ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು, "ಈ ವಯಸ್ಸಿನಾಗ ಆ ಭಾಗ್ಯ ಎಲ್ಲಿ ಬರ್ತೈತಪ್ಪ ಡಾಕ್ಟ್ರ. ಬಂದೀ, ಎಮ್ಮೀನ ನೋಡಿ ಹೋಗು" ಎಂದಳು. ಮನೆಯವರೆಲ್ಲ ನಕ್ಕರು, ನಾನೂ ನಗಬೇಕಾಯಿತು. ಬರೆದದ್ದನ್ನು ಒಮ್ಮೆ ತಿರುಗಿ ಓದಬೇಕು ಎಂಬುದನ್ನು ನಾನು ಅಂದೇ ಕಲಿಯಬೇಕಿತ್ತು. ನಗೆ ಮುಗಿದ ಮೇಲೆ ಪಾಠವೂ ಮರೆತುಹೋಯಿತು.

ಹಗರಿಬೊಮ್ಮನಹಳ್ಳಿಗೆ ಬರುವ ಹೊತ್ತಿಗೆ ಕೈ ಪಳಗಿತ್ತು. ಯಾವ ಆಕಳಿಗೆ ಯಾವಾಗ ಗರ್ಭ ಕಟ್ಟಿಸಿದ್ದು, ಯಾವಾಗ ಈಯಬೇಕು, ಎಲ್ಲವನ್ನೂ ಪಟ್ಟಿಗೆ ಹಾಕಿದ್ದೆ. ಅಲ್ಲಿ ಮೌಲಾಸಾಬ್ ಎಂಬವರು ವೆಲ್ಡಿಂಗ್ ಅಂಗಡಿಯ ಹಿಂದೆ ಒಂದೇ ಒಂದು ಆಕಳು ಸಾಕಿಕೊಂಡಿದ್ದರು. ಅದರ ದಿನ ಹತ್ತಿರ ಬಂದಾಗ ಆ್ಯಪ್ ನೆನಪಿಸಿತು. ಆ ಕಡೆ ಹೋದವನು ಸುಮ್ಮನೆ ಅಂಗಡಿಗೆ ಹೊಕ್ಕೆ. ಆಕಳು ನೋವು ತಿನ್ನುತ್ತಿತ್ತು, ಕರುವಿನ ಕಾಲು ಹಿಂದುಮುಂದಾಗಿತ್ತು. ಇನ್ನೊಂದು ತಾಸು ತಡವಾಗಿದ್ದರೆ ಎರಡೂ ಉಳಿಯುತ್ತಿರಲಿಲ್ಲ. ವೈದ್ಯರನ್ನು ಕರೆಸಿ, ಇಬ್ಬರೂ ಕೂಡಿ ಕರುವನ್ನು ಹೊರತೆಗೆದೆವು.

ಮೌಲಾಸಾಬ್ ನನ್ನ ಎರಡೂ ಕೈ ಹಿಡಿದುಕೊಂಡರು. "ನನ್ನ ಆಕಳ ದಿನ ನೀವು ನೆನಪಿಟ್ಟೀರಲ್ರಿ ಸಾಹೇಬ್ರ. ಸ್ವಂತ ತಮ್ಮ ಅದಾನ, ಅವನಿಗೂ ನೆನಪಿಲ್ಲ" ಎಂದರು. ನೆನಪಿಟ್ಟದ್ದು ಫೋನು ಎಂದು ನಾನು ಹೇಳಲಿಲ್ಲ. ಆ ಮಾತು ಕೇಳಲು ಬಹಳ ಹಿತವಾಗಿತ್ತು. ಊರೂರಿಗೆ ಹಬ್ಬಿತು. ಡಾಕ್ಟ್ರು ನಮ್ಮ ದನಾನ ತಮ್ಮ ಮನಿ ದನದಂಗ ನೆನಪಿಡ್ತಾರ ಎಂದು ಜನ ಹೇಳಿಕೊಂಡರು. ನಾನು ಕೇಳಿಸಿಕೊಂಡು ಸುಮ್ಮನಿದ್ದೆ.

ಅಲ್ಲಿಂದ ಮುಂದೆ ನನಗೆ ದನಕ್ಕಿಂತ ಟಿಕ್ ಮುಖ್ಯವಾಗುತ್ತ ಬಂತು. ಸಂಜೆ ಪಟ್ಟಿ ಖಾಲಿಯಾದರೆ ಆ್ಯಪ್ ಒಂದು ಶಾಭಾಸಿನ ಚಿತ್ರ ತೋರಿಸುತ್ತಿತ್ತು. ಅದನ್ನು ನೋಡಿದ ಮೇಲೆಯೇ ಊಟ ರುಚಿಸುತ್ತಿತ್ತು. ಕೆಲಸ ಉಳಿದರೆ ಅದರ ದಿನಾಂಕ ಕೆಂಪಾಗುತ್ತಿತ್ತು. ಆ ಕೆಂಪನ್ನು ನನಗೆ ಸಹಿಸಲಾಗುತ್ತಿರಲಿಲ್ಲ. ಮೊದಮೊದಲು ಓಡಿಹೋಗಿ ಕೆಲಸ ಮುಗಿಸಿ ಬರುತ್ತಿದ್ದೆ. ಬರಬರುತ್ತ ಸುಲಭದ ದಾರಿ ಕಂಡಿತು. ಬೆರಳಿನಿಂದ ಪಕ್ಕಕ್ಕೆ ಎಳೆದರೆ ಆ ಕೆಲಸ ನಾಳೆಗೆ ಹೋಗುತ್ತಿತ್ತು, ಕೆಂಪು ಮಾಯವಾಗುತ್ತಿತ್ತು. ಹೋಗಿ ನೋಡಬೇಕಾದ ಕಡೆ ಫೋನ್ ಮಾಡಿ ಕೇಳಿ ಟಿಕ್ ಹಾಕಿದ್ದೂ ಉಂಟು. ಆರಾಮ ಐತಿ ಎಂದು ಅವರು ಹೇಳಿದರೆ ನಂಬಿಬಿಡುತ್ತಿದ್ದೆ. ಆರಾಮ ಐತಿ ಎನ್ನುವವರು ಎಷ್ಟೋ ಸಲ ನನಗೆ ತೊಂದರೆ ಕೊಡಬಾರದೆಂದು ಹಾಗೆನ್ನುತ್ತಿದ್ದರು.

ಹಡಗಲಿಯಲ್ಲಿ ನನ್ನ ಮೇಲಧಿಕಾರಿಗಳಿಗೆ ಈ ಪಟ್ಟಿ ಬಹಳ ಹಿಡಿಸಿತು. ಸಭೆಯಲ್ಲಿ ನನ್ನನ್ನು ಎದ್ದು ನಿಲ್ಲಿಸಿ, ಗೋಡೆಯ ಮೇಲೆ ನನ್ನ ಪಟ್ಟಿ ಮೂಡಿಸಿ, "ನೋಡ್ರಿ, ನಿವೃತ್ತಿ ಹತ್ರ ಬಂದೋರು ಹೆಂಗ ಕಲ್ತಾರ, ನಿಮಗೇನಾಗೇತಿ" ಎಂದು ಉಳಿದವರಿಗೆ ಬೈದರು. ಬೈಸಿಕೊಂಡವರು ನನ್ನನ್ನು ಹೇಗೆ ನೋಡಿದರೆಂಬುದನ್ನು ನಾನು ಗಮನಿಸಲಿಲ್ಲ. ಪಟ್ಟಿ ಕೊಟ್ರಬಸಪ್ಪ ಎಂಬ ಹೆಸರು ಬಂದದ್ದು ಆ ಸಭೆಯಿಂದ.

ಆ ಉಮೇದಿನಲ್ಲಿ ಮನೆಯಲ್ಲೂ ಶುರುಮಾಡಿದೆ. ಒಂದೇ ಪಟ್ಟಿಯನ್ನು ಇಬ್ಬರ ಫೋನಿನಲ್ಲೂ ತೋರಿಸುವ ಅನುಕೂಲ ಅದರಲ್ಲಿತ್ತು. ಹೆಂಡತಿಯ ಫೋನಿಗೆ ಜೋಡಿಸಿ, ತರಕಾರಿ, ಗ್ಯಾಸು, ನೆಂಟರ ಮದುವೆ, ಎಲ್ಲ ಅದರಲ್ಲೇ ಹಾಕು ಎಂದೆ. ಅವಳು ಸ್ವಲ್ಪ ದಿನ ಹಾಕಿದಳು. ಒಂದು ದಿನ ಪಡಸಾಲೆಯಲ್ಲಿ ಎದುರು ಬದುರು ಕೂತಿದ್ದೆವು. ನನ್ನ ಫೋನು ಟಿಂಗ್ ಎಂದಿತು. ನೋಡಿದರೆ, 'ಮಲ್ಲಿಗಿ ಹೂವು ತರ್ರಿ' ಎಂದು ಅವಳು ಬರೆದದ್ದು. ನಾನು ಸರಿ ಎಂಬ ಗುರುತು ಒತ್ತಿದೆ. ಅವಳು ಫೋನು ಕೆಳಗಿಟ್ಟು, "ನಿಮ್ಮ ಕೂಡ ಮಾತಾಡಾಕ ನನಗ ಇದು ಬೇಕೇನ್ರಿ" ಎಂದು ಅಂದೇ ಆ್ಯಪ್ ಅಳಿಸಿಹಾಕಿದಳು. ಅವಳಿಗೆ ಇದೆಲ್ಲ ತಿಳಿಯುವುದಿಲ್ಲ ಎಂದುಕೊಂಡೆ.

ಹರಪನಹಳ್ಳಿಗೆ ಬಂದಾಗ ನನ್ನ ಕೈಕೆಳಗೆ ಕವಿತಾ ಎಂಬ ಹೊಸ ಪರೀಕ್ಷಕಿ ಕೆಲಸಕ್ಕೆ ಸೇರಿದ್ದರು. ಇಲ್ಲಿ ಬಹುವಚನ ಬಳಸುತ್ತಿದ್ದೇನೆ, ಆಗ ನಾನು ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಅವರ ಗಂಡ ಮಂಜುನಾಥ ಹರಪನಹಳ್ಳಿಯಲ್ಲೇ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ. ಕವಿತಾ ಅವರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅವರ ಕೆಲಸ ಹೇಗಿದೆ ಎಂದು ಬರೆದು ಕಳಿಸಬೇಕಾದವನು ನಾನು. ಇದು ನನಗೆ ನೆನಪಿರದಿದ್ದರೂ ಅವರಿಗೆ ಯಾವಾಗಲೂ ನೆನಪಿತ್ತು.

ಅವರ ಫೋನನ್ನು ನನ್ನ ಪಟ್ಟಿಗೆ ಜೋಡಿಸಿದೆ. ಬೆಳಿಗ್ಗೆ ಚಹಾ ಕುಡಿಯುತ್ತ ಕೂತು, ಇದು ನನಗೆ, ಇದು ಕವಿತಾಗೆ, ಎಂದು ಬೆರಳಿನಲ್ಲಿ ಹಚ್ಚುತ್ತಿದ್ದೆ. ಬಾಯಲ್ಲಿ ಕೆಲಸ ಹೇಳುವಾಗ ಎದುರಿಗಿನವರ ಮುಖ ಕಾಣುತ್ತದೆ. ಸುಸ್ತಾಗಿದ್ದಾರೋ, ಏನೋ ಹೇಳಬೇಕೆಂದಿದ್ದಾರೋ ತಿಳಿಯುತ್ತದೆ. ಬೆರಳಿನಲ್ಲಿ ಹಚ್ಚಿದರೆ ಅದು ಯಾವುದೂ ಇಲ್ಲ. ನನ್ನ ಪಟ್ಟಿ ಹಗುರಾಗುತ್ತಿತ್ತು. ಅವರದು ಎಷ್ಟು ಭಾರವಾಯಿತೆಂದು ನಾನು ಒಮ್ಮೆಯೂ ತೆರೆದು ನೋಡಲಿಲ್ಲ.

ಆ ವರ್ಷ ಹೆಣ್ಣುಗರುಗಳಿಗೆ ಬ್ರುಸೆಲ್ಲಾ ಲಸಿಕೆ ಹಾಕುವ ಕೆಲಸ ಬಂತು. ಬ್ರುಸೆಲ್ಲಾ ಎಂದರೆ ದನಗಳು ತಿಂಗಳು ತುಂಬುವ ಮೊದಲೇ ಕಂದು ಹಾಕುವ ರೋಗ. ಅದರ ಲಸಿಕೆಯಲ್ಲಿ ರೋಗಾಣು ಜೀವಂತ ಇರುತ್ತದೆ. ಕರುವಿಗೆ ಅದು ರಕ್ಷಣೆ, ಮನುಷ್ಯರ ಮೈಗೆ ಸೇರಿದರೆ ರೋಗ. ಬಸುರಿಯರು ಅದನ್ನು ಮುಟ್ಟಲೇಬಾರದು. ಪ್ರತಿ ತರಬೇತಿಯಲ್ಲೂ ಇದನ್ನು ಹೇಳುತ್ತಾರೆ. ನಾನೇ ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೇನೆ. ಹಳ್ಳಿಗಳನ್ನೆಲ್ಲ ಒಂದೇ ಸಲ ಪಟ್ಟಿಗೆ ಹಾಕಿ, ತೆಲಿಗಿಯನ್ನು ಕವಿತಾಗೆ ಹಚ್ಚಿದೆ. ಮುಗಿಯುವವರೆಗೂ ದಿನಕ್ಕೆರಡು ಸಲ ನೆನಪಿಸು ಎಂದು ಆ್ಯಪಿಗೆ ಹೇಳಿಟ್ಟೆ.

ಮರುದಿನ ಆಫೀಸಿನಲ್ಲಿ ಮೂರ್ನಾಲ್ಕು ಗಂಡಸರು ಕೂತಿದ್ದೆವು. ಕವಿತಾ ನನ್ನ ಮೇಜಿನ ಹತ್ತಿರ ಬಂದು, "ಸರ್, ಒಂದ್ ಮಾತು ಹೇಳ್ಬೇಕಾಗಿತ್ತು. ತೆಲಿಗಿ ಕೆಲಸದ್ದು" ಎಂದರು. ನಾನು ಫೋನಿನಿಂದ ತಲೆ ಎತ್ತಲಿಲ್ಲ.

"ಆ್ಯಪ್‌ನಾಗ ಹಾಕಮ್ಮ, ನೋಡ್ತೀನಿ. ಬಾಯಿಲೆ ಹೇಳಿದ್ದು ನನ್ನ ತಲಿಯಾಗ ನಿಲ್ಲಂಗಿಲ್ಲ" ಎಂದೆ.

ಅವರು "ಸರಿ ಸರ್" ಎಂದು ಹೋದರು.

ಎರಡು ದಿನ ಬಿಟ್ಟು ಬೆಳಿಗ್ಗೆ ಅವರ ಫೋನ್ ಬಂತು. ಹಿಂದಿನಿಂದ ಕರುಗಳ ಕೂಗು ಕೇಳುತ್ತಿತ್ತು. "ಸರ್, ಕರ ಕೊಸರಿಬಿಡ್ತು. ಸೂಜಿ ನನ್ನ ಬೆರಳಿಗೆ ಚುಚ್ಚಿದೆ, ಔಷಧನೂ ಒಳಗೆ ಹೋಗಿದೆ" ಎಂದರು.

ನಾನು ಏನು ಕೇಳಿದೆನೆಂದು ಬರೆಯಲು ಕೈ ತಡೆಯುತ್ತದೆ. "ಸಾಬೂನು ಹಚ್ಚಿ ತೊಳಕೋ. ಇನ್ನು ಎಷ್ಟು ಕರ ಉಳದಾವ?" ಎಂದು ಕೇಳಿದೆ.

"ಸರ್, ನಾನು ಬರ್ದಿದ್ನಲ್ಲ" ಎಂದರು ಅವರು. ದನಿ ಮೆತ್ತಗಿತ್ತು.

ಫೋನ್ ಹಿಡಿದುಕೊಂಡೇ ಆ್ಯಪ್ ತೆರೆದೆ. ತೆಲಿಗಿಯ ಕೆಲಸದ ಕೆಳಗೆ ಒಂದು ಷರಾ ಇತ್ತು. ಆಫೀಸಿನಲ್ಲಿ ಮಾತಾಡಲು ಬಂದಿದ್ದ ದಿನವೇ ಬರೆದದ್ದು. ತಾನು ಮೂರು ತಿಂಗಳ ಬಸುರಿ ಎಂದು, ಎಲ್ಲರ ಎದುರು ಹೇಳಲು ಸಂಕೋಚವಾಯಿತು ಎಂದು, ಈ ಲಸಿಕೆ ಒಂದನ್ನು ಬಿಟ್ಟು ಬೇರೆ ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ ಎಂದು ಬರೆದಿದ್ದರು. ಅದನ್ನು ನಾನು ತೆರೆದೇ ಇರಲಿಲ್ಲ. ನನಗೆ ಟಿಕ್ ಬಿದ್ದಿದೆಯೋ ಇಲ್ಲವೋ ಅಷ್ಟೇ ಬೇಕಿತ್ತು.

ಅವರು ಬರೆದ ಮೇಲೆಯೂ ಆ್ಯಪು ನಾನು ಹೇಳಿಟ್ಟಂತೆ ದಿನಕ್ಕೆರಡು ಸಲ ಅವರಿಗೆ ನೆನಪಿಸುತ್ತಲೇ ಇತ್ತು. 'ತೆಲಿಗಿ ಲಸಿಕೆ ಬಾಕಿ ಇದೆ, ಬೇಗ ಮುಗಿಸಿ,' ಕೆಳಗೆ ನನ್ನ ಹೆಸರು. ಅದೇ ನನ್ನ ಉತ್ತರ ಎಂದು ಅವರು ತಿಳಿದರು. ಸರ್ ಓದಿಯೂ ಹೋಗು ಅನ್ನುತ್ತಿದ್ದಾರೆ ಎಂದುಕೊಂಡು ಲಸಿಕೆಯ ಐಸ್ ಡಬ್ಬಿ ಹೊತ್ತು ತೆಲಿಗಿಯ ಬಸ್ಸು ಹತ್ತಿದರು.

ನಾನು ಬೈಕಿನಲ್ಲಿ ತೆಲಿಗಿಗೆ ಹೋದೆ. ಮಂಜುನಾಥ ಅಷ್ಟರಲ್ಲಿ ತನ್ನ ತಾಯಿಯನ್ನು ಕೂರಿಸಿಕೊಂಡು ಯಾರದೋ ಕಾರು ತಂದಿದ್ದ. ದಾವಣಗೆರೆಯ ಆಸ್ಪತ್ರೆಗೆ ಹೋದೆವು. ಕವಿತಾ ಹಿಂದಿನ ಸೀಟಿನಲ್ಲಿ ಅತ್ತೆಗೆ ಒರಗಿ ಕೂತಿದ್ದರು, ಬೆರಳಿಗೆ ಸುತ್ತಿದ್ದ ಅರಿವೆಯನ್ನು ಇನ್ನೊಂದು ಕೈಯಲ್ಲಿ ಹಿಡಿದಿದ್ದರು. ಡಾಕ್ಟರು ಪರೀಕ್ಷೆ ಮಾಡಿ, ಮಾತ್ರೆ ಬರೆದುಕೊಟ್ಟು, ರೋಗ ತಗುಲಿದೆಯೋ ಇಲ್ಲವೋ ಈಗಲೇ ಹೇಳಲಾಗದು, ತಿಂಗಳುಗಟ್ಟಲೆ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು ಎಂದರು. ಬಸುರಿಗೆ ಕೊಡಬಹುದಾದ ಮಾತ್ರೆಗಳೂ ಕಡಿಮೆಯಂತೆ.

ಹೊರಗೆ ಮಂಜುನಾಥ ನನ್ನನ್ನು ಕೇಳಿದ. "ಸರ್, ಈ ಲಸಿಕಿ ಬಸುರಿ ಹೆಂಗಸ್ರು ಮುಟ್ಟಬಾರ್ದು ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು" ಎಂದೆ.

ಅವನು ಒಳಗೆ ಹೋದ.

ಮೇಲಧಿಕಾರಿಗಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಆಗಬಾರದಿತ್ತು, ಆಗೇತಿ. ಆಕಿ ಕೆಲಸಕ್ಕ ತಾನ ಹೋಗ್ಯಾಳಲ್ಲ. ನಿಮ್ಮ ಮ್ಯಾಲೆ ಏನೂ ಬರಂಗಿಲ್ಲ, ಬಿಡ್ರಿ" ಎಂದರು. ಆ ಮಾತು ಕೇಳಿದ ಕ್ಷಣ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆಫೀಸಿನ ಮೆಟ್ಟಿಲು ಇಳಿದು ಬೈಕಿನ ಹತ್ತಿರ ಬರುವಷ್ಟರಲ್ಲಿ, ಸಮಾಧಾನವಾದದ್ದು ಯಾತಕ್ಕೆ ಎಂದು ನನಗೇ ಅಸಹ್ಯವಾಯಿತು. ಅಲ್ಲಿ ಒಬ್ಬ ಹೆಣ್ಣುಮಗಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ರಕ್ತ ಪರೀಕ್ಷೆಗೆ ಕಾಯುತ್ತಿದ್ದಳು. ನಾನು ನನ್ನ ಪಿಂಚಣಿಗೆ ತೊಂದರೆ ಇಲ್ಲ ಎಂದು ಉಸಿರುಬಿಟ್ಟಿದ್ದೆ.

ಕವಿತಾ ರಜೆ ಹಾಕಿದರು. ಕೆಲವು ವಾರ ಬಿಟ್ಟು ಧೈರ್ಯ ಮಾಡಿ ಅವರ ಮನೆಗೆ ಹೋದೆ. ಅತ್ತೆ ನೀರು ಕೊಟ್ಟು ಅಡುಗೆಮನೆಗೆ ಹೋದರು, ಕೂತು ಮಾತಾಡಲಿಲ್ಲ. ಕವಿತಾ ಗೋಡೆಗೆ ಬೆನ್ನು ಕೊಟ್ಟು ಚಾಪೆಯ ಮೇಲೆ ಕೂತಿದ್ದರು. ಸೊರಗಿದ್ದರು.

"ಒಂದ್ ಮಾತು ಕೇಳ್ತೀನಿ ಸರ್, ನಿಜ ಹೇಳ್ರಿ. ನಾನು ಬರೆದಿದ್ದನ್ನ ಓದಿದ್ರಾ?"

"ಇಲ್ಲಮ್ಮ. ಓದಿರಲಿಲ್ಲ. ತೆರೆದು ನೋಡಿರಲೇ ಇಲ್ಲ."

ಓದಿಲ್ಲ ಎಂದರೆ ಅವರ ಸಿಟ್ಟು ಸ್ವಲ್ಪ ಇಳಿದೀತು ಎಂಬ ಆಸೆ ಒಳಗೆಲ್ಲೋ ಇತ್ತು.

"ಓದಿನೂ ಕಳಿಸಿದ್ರು ಅಂತ ಇಷ್ಟು ದಿನ ನಿಮ್ಮ ಮೇಲೆ ಸಿಟ್ಟಿತ್ತು. ಸಿಟ್ಟು ಮಾಡ್ಕೊಳ್ಳೋಕೆ ಒಬ್ರು ಮನುಷ್ಯರಾದ್ರೂ ಇದ್ರು. ಓದೇ ಇಲ್ಲ ಅಂದ್ರೆ, ನಾನು ಅಷ್ಟು ಹೆದರಿಕೊಂಡು ಯಾರಿಗೆ ಬರೆದೆ ಸರ್?"

ಕೈಯಲ್ಲಿದ್ದ ನೀರನ್ನು ಕುಡಿಯದೆ ಇಟ್ಟು ಎದ್ದುಬಂದೆ.

ಆ ತಿಂಗಳುಗಳು ಹೇಗೆ ಕಳೆದವೆಂದು ಹೇಳಲಾರೆ. ಪ್ರತಿ ಸಲದ ರಕ್ತ ಪರೀಕ್ಷೆ ಏನಾಯಿತೆಂದು ಮಂಜುನಾಥನಿಗೆ ಫೋನ್ ಮಾಡಿ ಕೇಳಬೇಕೆನಿಸುತ್ತಿತ್ತು, ಕೇಳುವ ಮುಖ ಇರಲಿಲ್ಲ. ಕೊನೆಗೆ ಒಂದು ದಿನ ಅವನೇ ಫೋನ್ ಮಾಡಿದ. "ಹೆಣ್ಣು ಕೂಸು ಸರ್. ಇಬ್ರೂ ಆರಾಮಾಗಿ ಅದಾರೆ. ಹೇಳೋಣ ಅನ್ನಿಸ್ತು" ಎಂದು ಇಟ್ಟುಬಿಟ್ಟ. ನಾನು ನಮ್ಮ ಪಶು ಆಸ್ಪತ್ರೆಯ ಔಷಧ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ನಿಂತೆ. ರೋಗ ತಗುಲಿರಲಿಲ್ಲ. ಅದು ಅವರ ಅದೃಷ್ಟ, ಅದರಲ್ಲಿ ನನ್ನ ಪಾಲು ಏನೂ ಇಲ್ಲ.

ಆ್ಯಪನ್ನು ನಾನು ಬಿಡಲಿಲ್ಲ. ಅದು ನಾನು ಹೇಳಿದ್ದನ್ನೇ ಮಾಡಿತ್ತು, ಅದರ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ. ಆದರೆ ಪಟ್ಟಿಯಿಂದ ಬೇರೆಯವರನ್ನೆಲ್ಲ ತೆಗೆದೆ. ಇನ್ನೊಬ್ಬರಿಗೆ ಕೆಲಸ ಹೇಳಬೇಕಾದರೆ ಅವರ ಹತ್ತಿರ ಹೋಗಿ, "ಇದು ಆಗ್ತೈತೇನು" ಎಂದು ಕೇಳಿ, ಅವರು ಹೇಳುವುದನ್ನು ಕೇಳಿಸಿಕೊಂಡು, ಆಮೇಲೆ ಬರೆದುಕೊಂಡೆ. ನಾಳೆಗೆ ಎಳೆಯುವ ಕೆಲಸವಿದ್ದರೆ ಮೊದಲು ಕಾಯುತ್ತಿರುವವರಿಗೆ ಫೋನ್ ಮಾಡಿ, ಇವತ್ತು ಬರಲಾಗುವುದಿಲ್ಲ ಎಂದು ತಿಳಿಸಿದೆ. ಹೊಸಬರು ಕೇಳಿದರೆ ಹೇಳಬೇಕಾದದ್ದು ಇಷ್ಟೇ. ನಿಮ್ಮ ಕೆಲಸ ನೆನಪಿಡಲು ಪಟ್ಟಿ ಬೇಕು, ಇಟ್ಟುಕೊಳ್ಳಿ. ಅದರಲ್ಲಿ ಬೇರೆಯವರು ಏನಾದರೂ ಬರೆದಿದ್ದರೆ, ಉಳಿದದ್ದನ್ನೆಲ್ಲ ಬಿಟ್ಟು ಮೊದಲು ಅದನ್ನು ಓದಿ.

ನನ್ನ ಬೀಳ್ಕೊಡುಗೆ ಹರಪನಹಳ್ಳಿಯಲ್ಲಿ ನಡೆಯಿತು. ಹೆರಿಗೆಯಾದ ಮೇಲೆ ನೀಲಗುಂದದ ಕಡೆ ಕೆಲಸ ಮಾಡುತ್ತಿದ್ದ ಕವಿತಾ ಕೂಡ ಬಂದು ಹಿಂದಿನ ಸಾಲಿನಲ್ಲಿ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಾತಾಡಿದವರೆಲ್ಲ ನನ್ನ ಪಟ್ಟಿಯನ್ನೇ ಹೊಗಳಿದರು. ಒಂದು ಕೆಲಸವನ್ನೂ ಬಾಕಿ ಉಳಿಸದ ಮನುಷ್ಯ ಎಂದರು. ನನ್ನ ಸರದಿ ಬಂದಾಗ ಎದ್ದು ನಿಂತೆ. ಹೊಗಳಿಕೆ ನನಗೆ ಸಲ್ಲದು ಎಂದು, ತೆಲಿಗಿಯಲ್ಲಿ ಒಬ್ಬ ಗರ್ಭಿಣಿ ಸಹೋದ್ಯೋಗಿಗೆ ನನ್ನಿಂದ ಏನಾಯಿತೆಂದು ಎಲ್ಲರೆದುರು ಹೇಳಿಬಿಟ್ಟೆ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಮಾತು ಮುಗಿಯುವ ಮೊದಲೇ ತಲೆಗಳೆಲ್ಲ ಹಿಂದಿನ ಸಾಲಿನ ಕಡೆ ತಿರುಗಿದವು. ಕವಿತಾ ಮಗಳನ್ನು ಎತ್ತಿಕೊಂಡು ಹೊರಗೆ ಹೋದರು.

ಸಭೆ ಮುಗಿದ ಮೇಲೆ ಹುಡುಕಿಕೊಂಡು ಹೋದೆ. ನಲ್ಲಿಯ ಹತ್ತಿರ ಮಗುವಿನ ಕೈ ತೊಳೆಸುತ್ತಿದ್ದರು.

"ಸರ್, ಅದು ನನ್ನ ವಿಷಯ. ಇಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇರ್ಲಿಲ್ಲ. ನನ್ನ ಒಂದ್ ಮಾತು ಕೇಳಿ ಹೇಳ್ಬಹುದಿತ್ತಲ್ಲ?" ಎಂದರು.

ಆಗ ನನಗೆ ಹೊಳೆಯಿತು. ಅಂದು ಬೆಳಿಗ್ಗೆಯೇ ಮನಸ್ಸಿನಲ್ಲಿ ಬರೆದುಕೊಂಡಿದ್ದೆ, ಇವತ್ತು ತಪ್ಪು ಒಪ್ಪಿಕೊಂಡು ಹಗುರಾಗಬೇಕು ಎಂದು. ಅದಕ್ಕೂ ಟಿಕ್ ಹಾಕಿಬಿಟ್ಟಿದ್ದೆ. ಈ ಸಲವೂ ಅವರನ್ನು ಕೇಳಿರಲಿಲ್ಲ.

ಈ ಬರಹ ಶುರುಮಾಡುವ ಮೊದಲು ಅವರಿಗೆ ಫೋನ್ ಮಾಡಿದೆ. ಬರೆಯಲೇ ಎಂದು ಕೇಳಿದೆ. ಸ್ವಲ್ಪ ದಿನ ಬಿಟ್ಟು ಹೇಳ್ತೀನಿ ಅಂದರು. ಕಾದೆ. ಅವರೇ ಫೋನ್ ಮಾಡಿ, "ಬರೀರಿ ಸರ್. ಹೊಸದಾಗಿ ಬರೋ ಹುಡುಗೀರು ಓದ್ಲಿ. ನಮ್ಮ ಹೆಸ್ರು ಬೇರೆ ಹಾಕ್ರಿ, ಅಚ್ಚಿಗೆ ಕೊಡೋಕೆ ಮುಂಚೆ ನಂಗೆ ಓದಿ ಹೇಳ್ರಿ" ಎಂದರು. ಹಾಗಾಗಿ ಕವಿತಾ, ಮಂಜುನಾಥ ಎಂಬವು ಅವರ ಹೆಸರುಗಳಲ್ಲ.

ಬರೆದು ಮುಗಿಸಿ ಫೋನಿನಲ್ಲಿ ಪೂರ್ತಿ ಓದಿದೆ. ಹಿಂದೆ ಮಗು ಏನೋ ಕೇಳುತ್ತಿತ್ತು, ಅವರು ಸುಮ್ಮನಿರು ಎಂದು ಸನ್ನೆ ಮಾಡಿರಬೇಕು. ಕೊನೆಯಲ್ಲಿ ನಾನು, ಈಗ ಅವರು ನನ್ನನ್ನು ಕ್ಷಮಿಸಿದ್ದಾರೆ ಎಂದು ಬರೆದಿದ್ದೆ. ಅಲ್ಲಿಗೆ ಬಂದಾಗ ತಡೆದರು.

"ಅದೊಂದ್ ಸಾಲು ತೆಗೀರಿ ಸರ್. ನಾನು ಹಂಗೆ ಹೇಳಿಲ್ಲ."

ತೆಗೆದಿದ್ದೇನೆ.